ಪದ್ಯ ಬರೆಯುವುದನ್ನು ಎಲ್ಲಿ ಕಲಿಯಬೇಕು? ಮಂಡ್ಯ–ಮೈಸೂರಿನಲ್ಲಿ ಒಂದೇ ಪದ್ಯ ಹೊತ್ತು ತಿರುಗಿದ ಲೆಕ್ಕ

ತಿಂಗಳಿಗೆ ಒಬ್ಬರಾದರೂ ಕೇಳುತ್ತಾರೆ: "ಪದ್ಯ ಬರೆಯೋದನ್ನ ಸರಿಯಾಗಿ ಕಲೀಬೇಕು, ಎಲ್ಲಿ ಸೇರ್ಕೊಳ್ಳಲಿ?" ಎಂ.ಎ. ಮಾಡಬೇಕಾ, ಕಮ್ಮಟಕ್ಕೆ (ಕೆಲವು ದಿನದ ತರಬೇತಿ ಶಿಬಿರಕ್ಕೆ) ಹೋಗಬೇಕಾ, ಕವಿಗೋಷ್ಠಿಗೆ ಹೆಸರು ಕೊಡಬೇಕಾ, ಇಲ್ಲ ಸುಮ್ನೆ ಫೇಸ್‌ಬುಕ್‌ನಲ್ಲಿ ಹಾಕ್ತಾ ಹೋದರೆ ತಾನಾಗೇ ಬರುತ್ತಾ? ನಾನು ದೊಡ್ಡ ಕವಿಯೇನಲ್ಲ. ಒಂದು ಸಂಕಲನವೂ ಇನ್ನೂ ಬಂದಿಲ್ಲ. ಆದರೆ ಮಂಡ್ಯದಲ್ಲಿ ಮನೆ, ಮೈಸೂರಿನಲ್ಲಿ ಕೆಲಸ, ನಡುವೆ ಸುಮಾರು 45 ಕಿಲೋಮೀಟರ್ ಟ್ರೇನು ಅಂತ ಬದುಕುವ ನನ್ನಂಥವಳಿಗೆ ಎರಡೂ ಊರಿನ ಬಾಗಿಲು ತಟ್ಟುವುದು ಸುಲಭ. ಏಳು ವರ್ಷದಲ್ಲಿ ಇದೆಲ್ಲವನ್ನೂ ಮಾಡಿ ನೋಡಿದ್ದೇನೆ.

ಸುಮ್ಮನೆ ಅಭಿಪ್ರಾಯ ಹೇಳಿದರೆ ಯಾರಿಗೂ ಉಪಯೋಗವಿಲ್ಲ. ಅದಕ್ಕೆ ನನ್ನದೇ ಒಂದು ಪದ್ಯವನ್ನು ನಿಮ್ಮ ಮುಂದೆ ಇಡುತ್ತೇನೆ. ಅದನ್ನು ಹೊತ್ತುಕೊಂಡು ನಾನು ಎಲ್ಲೆಲ್ಲಿ ಹೋದೆ, ಎಲ್ಲಿ ಅದಕ್ಕೆ ಏನಾಯಿತು ಅಂತ ನೋಡಿ. ಮೊದಲು ಬರೆದದ್ದು ಹೀಗಿತ್ತು, ನಗಬೇಡಿ:

ಓ ಕಬ್ಬೇ, ನಿನ್ನ ಸಿಹಿಯ ಹಿಂದೆ
ರೈತನ ಕಣ್ಣೀರಿನ ಉಪ್ಪಿದೆ!
ಜಗಕೆ ಬೆಲ್ಲವ ಉಣಿಸಿದ ಕೈಗೆ
ಕೊನೆಗೂ ನೋವಿನ ತುತ್ತಿದೆ!

ಬರೆದ ದಿನ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಮಂಡ್ಯದವರು, ಕಬ್ಬಿನ ಮೇಲೆ ಬರೆದಿದ್ದೇವೆ, ರೈತ ಇದ್ದಾನೆ, ಕಣ್ಣೀರು ಇದೆ, ಕೊನೆಗೆ ಪ್ರಾಸವೂ ಕೂತಿದೆ. ಇನ್ನೇನು ಬೇಕು ಅಲ್ವಾ?

ಕವಿಗೋಷ್ಠಿ: ಬಾಗಿಲು ಸದಾ ತೆರೆದಿರುತ್ತದೆ

ನಮ್ಮ ಕಡೆ ಹೊಸಬರಿಗೆ ಮೊದಲು ಸಿಗುವುದು ಇದೇ. ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕ, ಕನ್ನಡ ಸಂಘ, ರಾಜ್ಯೋತ್ಸವ, ಯುಗಾದಿ, ಯಾರದೋ ಜಯಂತಿ, ಹೀಗೆ ವರ್ಷಪೂರ್ತಿ ಒಂದಲ್ಲ ಒಂದು ಕವಿಗೋಷ್ಠಿ ನಡೆಯುತ್ತಲೇ ಇರುತ್ತದೆ. ಮೈಸೂರಿನಲ್ಲಿ ದಸರಾ ಬಂದರೆ ದಸರಾ ಕವಿಗೋಷ್ಠಿ. 2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲೇ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಅದಾದ ಮೇಲೆ ನಮ್ಮ ಬೀದಿಯಲ್ಲೇ ನಾಲ್ಕು ಹೊಸ ಕವಿಗಳು ಹುಟ್ಟಿಕೊಂಡರು. ಒಳ್ಳೆಯದೇ.

ಒಂದು ಮಾಮೂಲಿ ಗೋಷ್ಠಿ ಹೇಗಿರುತ್ತದೆ ಅಂತ ಹೋಗದವರಿಗೆ ಹೇಳಿಬಿಡುತ್ತೇನೆ. ಬೆಳಗ್ಗೆ ಹತ್ತೂವರೆಗೆ ಅಂತ ಕಾರ್ಡಿನಲ್ಲಿ ಇರುತ್ತದೆ, ಹನ್ನೆರಡಕ್ಕೆ ಶುರು. ಉದ್ಘಾಟನೆ, ಆಶಯ ನುಡಿ, ಮುಖ್ಯ ಅತಿಥಿಗಳ ಮಾತು ಮುಗಿಯುವ ಹೊತ್ತಿಗೆ ಊಟದ ವಾಸನೆ ಬರುತ್ತಿರುತ್ತದೆ. ಮೂವತ್ತು ಜನ ಕವಿಗಳು, ಒಬ್ಬೊಬ್ಬರಿಗೆ ಮೂರು ನಿಮಿಷ. ತಮ್ಮ ಪದ್ಯ ಓದಿ, ಶಾಲು ಹಾಕಿಸಿಕೊಂಡು, ಫೋಟೊ ತೆಗೆಸಿಕೊಂಡು ಹೊರಟವರು ಹೊರಟೇ ಹೋಗುತ್ತಾರೆ. ಕೊನೆಯ ಕವಿಗೆ ಕೇಳುಗರು ಅಂದರೆ ಅಧ್ಯಕ್ಷರು ಮತ್ತು ಶಾಮಿಯಾನದವನು. ಅಧ್ಯಕ್ಷರು ಕೊನೆಯಲ್ಲಿ "ಎಲ್ಲರ ಕವಿತೆಗಳೂ ಭಾವಪೂರ್ಣವಾಗಿದ್ದವು" ಅನ್ನುತ್ತಾರೆ. ಮೂವತ್ತೂ.

ಮೇಲಿನ ಕಬ್ಬಿನ ಪದ್ಯವನ್ನು ಇಂಥದ್ದೊಂದರಲ್ಲಿ ಓದಿದೆ. ಎರಡನೇ ಸಾಲಿಗೇ ಚಪ್ಪಾಳೆ. "ಇನ್ನೊಂದ್ಸಲ!" ಅಂತ ಮುಂದಿನ ಸಾಲಿನಿಂದ ಒಬ್ಬರು ಕೂಗಿದರು. ಮನೆಗೆ ಬಂದು ಎರಡು ದಿನ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಆ ಚಪ್ಪಾಳೆ ಪದ್ಯಕ್ಕಲ್ಲ, ರೈತ ಅನ್ನುವ ಪದಕ್ಕೆ ಅಂತ ಗೊತ್ತಾಗಲು ಒಂದೂವರೆ ವರ್ಷ ಹಿಡಿಯಿತು. ಮಂಡ್ಯದಲ್ಲಿ ಮೈಕ್ ಮುಂದೆ ನಿಂತು ಕಾವೇರಿ ಅನ್ನಿ, ಕಬ್ಬು ಅನ್ನಿ, ಅವ್ವ ಅನ್ನಿ, ಜನ ಕೈ ತಟ್ಟೇ ತಟ್ಟುತ್ತಾರೆ. ಅದು ಅವರ ಒಳ್ಳೆಯತನ, ನಿಮ್ಮ ಕಸುಬಲ್ಲ.

ಹಾಗಂತ ಗೋಷ್ಠಿ ಪೂರ್ತಿ ದಂಡ ಅಂತಲ್ಲ. ಒಂದು ಲಾಭ ಬೇರೆಲ್ಲೂ ಸಿಗುವುದಿಲ್ಲ. ಗಟ್ಟಿಯಾಗಿ ಓದುವಾಗ ನಿಮ್ಮದೇ ಸಾಲು ಎಲ್ಲಿ ನಾಲಿಗೆಗೆ ತೊಡರುತ್ತದೆ, ಎಲ್ಲಿ ಉಸಿರು ಸಾಲುವುದಿಲ್ಲ, ಎಲ್ಲಿ ಜನ ಕೆಮ್ಮುತ್ತಾರೆ, ಮೊಬೈಲ್ ತೆಗೆಯುತ್ತಾರೆ ಅಂತ ಕಣ್ಣಿಗೆ ಕಾಣುತ್ತದೆ. ಮೂರು ನಿಮಿಷ ಓದಿ, ಉಳಿದ ಎರಡು ಗಂಟೆ ಬೇರೆಯವರು ಓದುವಾಗ ಕೇಳುಗರ ಮುಖ ನೋಡುತ್ತ ಕೂರಿ. ಹೆಣ್ಣುಮಕ್ಕಳಿಗೆ ಒಂದು ಮಾತು: ಸಂಜೆ ಗೋಷ್ಠಿ ಅಂದರೆ ರಾತ್ರಿ ಒಂಬತ್ತಾಗುವುದು ಗ್ಯಾರಂಟಿ, ಕೊನೆಯ ಟ್ರೇನಿನ ಹೊತ್ತು ಮೊದಲೇ ಹೇಳಿ ಪಟ್ಟಿಯಲ್ಲಿ ಮೇಲೆ ಹಾಕಿಸಿಕೊಳ್ಳಿ. ಕೇಳಿದರೆ ಹಾಕುತ್ತಾರೆ.

ಮೊಬೈಲು

ಇದಕ್ಕೆ ಜಾಸ್ತಿ ಜಾಗ ಬೇಡ. ಅದೇ ಪದ್ಯಕ್ಕೆ ಲೈಕು ರಾಶಿ ಬಿತ್ತು, "ಮನ ಮುಟ್ಟಿತು ಅಕ್ಕಾ" ಅಂತ ಹದಿನಾಲ್ಕು ಕಾಮೆಂಟು, ಕೈ ಮುಗಿದ ಇಮೋಜಿ ಲೆಕ್ಕವಿಲ್ಲ. ಕಲಿತದ್ದು ಸೊನ್ನೆ. ದಿನಕ್ಕೊಂದು ಪದ್ಯ ಹಾಕುವ ವಾಟ್ಸ್ಯಾಪ್ ಗುಂಪಿನಲ್ಲೂ ಎಂಟು ತಿಂಗಳಿದ್ದೆ. ಬೆಳಗ್ಗೆ ಆರಕ್ಕೆ ವಿಷಯ ಕೊಡುತ್ತಾರೆ, "ಮಳೆ" ಅಂತ. ಏಳಕ್ಕೆಲ್ಲ ನಲವತ್ತು ಮಳೆಪದ್ಯ. ಎಲ್ಲರಿಗೂ ಗುಂಪಿನ ಅಡ್ಮಿನ್ ಕಡೆಯಿಂದ ಬಣ್ಣದ ಪ್ರಮಾಣಪತ್ರ. ಬರೆಯುವ ಅಭ್ಯಾಸವೇ ಇಲ್ಲದವರಿಗೆ ಕೈ ಬಿಸಿಯಾಗಲು ಒಂದು ತಿಂಗಳು ಸರಿ, ಆಮೇಲೆ ಬಿಟ್ಟುಬಿಡಿ. ಬೇಗ ಬರೆಯುವುದು ರೂಢಿಯಾದರೆ ತಿದ್ದುವ ಚಾಳಿಯೇ ಹೋಗಿಬಿಡುತ್ತದೆ. ನನಗೆ ಅದನ್ನು ಬಿಡಿಸಿಕೊಳ್ಳಲು ಒದ್ದಾಟವಾಯಿತು.

ಮೊಬೈಲಿನ ನಿಜವಾದ ಉಪಯೋಗ ಬೇರೆ ಇದೆ, ಧ್ವನಿ ಮುದ್ರಣ. ನಿಮ್ಮ ಪದ್ಯವನ್ನು ನೀವೇ ಓದಿ ರೆಕಾರ್ಡ್ ಮಾಡಿ, ಮಾರನೇ ದಿನ ಕೇಳಿ. ನಾಚಿಕೆ ಆದ ಕಡೆ ಗುರುತು ಹಾಕಿ.

ಎಂ.ಎ. ಕನ್ನಡ ಮಾಡಿದರೆ?

ಈ ಪ್ರಶ್ನೆ ಕೇಳುವವರೇ ಜಾಸ್ತಿ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೈಸೂರಿನಲ್ಲಿ ಎರಡು ದಾರಿ. ದಿನಾ ಹೋಗಿ ಓದುವವರಿಗೆ ಮಾನಸಗಂಗೋತ್ರಿಯ, ಅಂದರೆ ಮೈಸೂರು ವಿಶ್ವವಿದ್ಯಾನಿಲಯದ ಆವರಣದ, ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, 1966ರಲ್ಲಿ ಶುರುವಾದದ್ದು. ನನ್ನ ಹಾಗೆ ನೌಕರಿಯಲ್ಲಿ ಇರುವವರಿಗೆ ಮುಕ್ತಗಂಗೋತ್ರಿ, ಅಂದರೆ 1996ರಲ್ಲಿ ಆದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ. ನಾನು ದೂರಶಿಕ್ಷಣದಲ್ಲೇ ಮುಗಿಸಿದೆ, ಅರ್ಧ ಪಾಠ ಓದಿದ್ದು ಶ್ರೀರಂಗಪಟ್ಟಣ ಮತ್ತು ಪಾಂಡವಪುರ ಸ್ಟೇಷನ್‌ಗಳ ನಡುವೆ.

ಮೊದಲೇ ತಿಳಿದುಕೊಳ್ಳಿ, ಕನ್ನಡ ಎಂ.ಎ. ಇರುವುದು ಸಾಹಿತ್ಯವನ್ನು ಓದಿಸುವುದಕ್ಕೆ, ಬರೆಯುವುದನ್ನು ಕಲಿಸುವುದಕ್ಕಲ್ಲ. ಹಳಗನ್ನಡ, ನಡುಗನ್ನಡ, ಕಾವ್ಯಮೀಮಾಂಸೆ, ಛಂದಸ್ಸು, ವ್ಯಾಕರಣ, ಜಾನಪದ, ಹೊಸಗನ್ನಡ ಎಲ್ಲ ಬರುತ್ತದೆ. ಪರೀಕ್ಷೆಯಲ್ಲಿ "ಧ್ವನಿ ಎಂದರೇನು? ವಿವರಿಸಿ" ಅಂತ ಕೇಳುತ್ತಾರೆ, "ಧ್ವನಿ ಇರುವ ನಾಲ್ಕು ಸಾಲು ಬರೆಯಿರಿ" ಅಂತ ಕೇಳುವುದಿಲ್ಲ. ಧ್ವನಿ ಸಿದ್ಧಾಂತ ಹೇಳಿದ ಆನಂದವರ್ಧನನ ಮೇಲೆ ಎಂಟು ಪುಟ ಬರೆದು, ಅದೇ ರಾತ್ರಿ "ಓ ಕಬ್ಬೇ" ಥರದ ಇನ್ನೊಂದು ಪದ್ಯ ಬರೆದವಳು ನಾನು. ಎರಡಕ್ಕೂ ಸಂಬಂಧ ಇದೆ ಅಂತ ತಲೆಗೇ ಬಂದಿರಲಿಲ್ಲ. ಹೇಳಬೇಕಾದ್ದನ್ನು ಬಾಯಿಬಿಟ್ಟು ಹೇಳದೆ ಮುಟ್ಟಿಸುವುದೇ ಧ್ವನಿ ಅಂತ ಉತ್ತರಪತ್ರಿಕೆಯಲ್ಲಿ ಬರೆದವಳು, ಪದ್ಯದಲ್ಲಿ ಕಣ್ಣೀರು, ನೋವು ಅಂತ ಬೋರ್ಡು ಬರೆದು ತಗುಲಿಹಾಕಿದ್ದೆ!

ಆದರೂ ಸಮಯ ಇದ್ದರೆ ಮಾಡಿ ಅಂತಲೇ ಹೇಳುತ್ತೇನೆ. ಯಾಕೆಂದರೆ ಒಬ್ಬರೇ ಕೂತರೆ ನೀವು ಯಾವತ್ತೂ ತೆಗೆಯದ ಪುಸ್ತಕಗಳನ್ನು ಅದು ಕೈಗೆ ತುರುಕುತ್ತದೆ. ಓದದೆಯೂ ಕಾವ್ಯ ಕಟ್ಟುವ ಜಾಣರು ಕನ್ನಡಿಗರು ಅಂತ 9ನೇ ಶತಮಾನದ ಕವಿರಾಜಮಾರ್ಗ ಹೊಗಳಿದೆಯಲ್ಲ, ಆ ಮಾತನ್ನು ನಮ್ಮ ಅರ್ಧ ಜನ ರಜಾ ಚೀಟಿ ಥರ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ. ಓದಿ ಅಂದರೆ ಸಾಕು, ತೆಗೆದು ತೋರಿಸುತ್ತಾರೆ.

ಪದವಿ ಬೇಡ, ಓದು ಮಾತ್ರ ಬೇಕು ಅನ್ನುವವರು ಎಂ.ಎ. ಪಠ್ಯಪಟ್ಟಿಯನ್ನು ಇಳಿಸಿಕೊಂಡು ಲೈಬ್ರರಿಯಲ್ಲಿ ಕೂರಬಹುದು. ನನ್ನ ಗೆಳತಿ ಒಬ್ಬಳು ಹಾಗೇ ಮಾಡಿದಳು, ಅವಳ ಪದ್ಯ ನನ್ನದಕ್ಕಿಂತ ಚೆನ್ನಾಗಿದೆ.

ಕಮ್ಮಟ

ಅಕಾಡೆಮಿಗಳು, ಕಾಲೇಜುಗಳು, ಕವಿಗಳ ಹೆಸರಿನ ಪ್ರತಿಷ್ಠಾನಗಳು ಆಗಾಗ ಕಾವ್ಯ ಕಮ್ಮಟ ನಡೆಸುತ್ತವೆ. ಎರಡು ದಿನ, ಮೂರು ದಿನ, ಅಪರೂಪಕ್ಕೆ ಒಂದು ವಾರ. ಊಟ ವಸತಿ ಅವರದೇ. ಅರ್ಜಿಯ ಜೊತೆ ಮೂರ್ನಾಲ್ಕು ಪದ್ಯ ಕೇಳುತ್ತಾರೆ.

ಕಮ್ಮಟದಲ್ಲಿ ಎರಡು ಜಾತಿ. ಒಂದರಲ್ಲಿ ಬೆಳಗ್ಗಿಂದ ಸಂಜೆವರೆಗೆ ಭಾಷಣ: ನವೋದಯ ಕಾವ್ಯದ ಸ್ವರೂಪ, ನವ್ಯದ ತಾತ್ವಿಕತೆ, ಬಂಡಾಯದ ನೆಲೆಗಳು. ನೋಟ್ಸ್ ಬರೆದುಕೊಂಡು ಬರುತ್ತೀರಿ, ಅಷ್ಟೆ. ಇನ್ನೊಂದರಲ್ಲಿ ನಿಮ್ಮ ಪದ್ಯವನ್ನೇ ಮೇಜಿನ ಮೇಲೆ ಬಿಚ್ಚುತ್ತಾರೆ. ಹೋಗುವ ಮುಂಚೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: "ಶಿಬಿರಾರ್ಥಿಗಳ ಪದ್ಯದ ಮೇಲೆ ಎಷ್ಟು ಹೊತ್ತು ಚರ್ಚೆ ಇರುತ್ತೆ?" ಉತ್ತರ ಗೊಣಗಾಟವಾಗಿದ್ದರೆ ಅದು ಮೊದಲನೇ ಜಾತಿ.

ನನಗೆ ಎರಡನೇ ಜಾತಿಯದು ಒಮ್ಮೆ ಸಿಕ್ಕಿತು. ಕಬ್ಬಿನ ಪದ್ಯಕ್ಕೆ ಇಪ್ಪತ್ತು ನಿಮಿಷ ಕೊಟ್ಟರು. ನಡೆಸುತ್ತಿದ್ದವರು ಪದ್ಯ ಓದಿಸಿ, ಸುಮ್ಮನೆ ಕೇಳಿದರು: "ಇದರಲ್ಲಿ ಕಬ್ಬು ತೆಗೆದು ಭತ್ತ ಹಾಕಿದರೆ ಏನಾದರೂ ಬದಲಾಗುತ್ತಾ?" ಬದಲಾಗುತ್ತಿರಲಿಲ್ಲ. ಓ ಭತ್ತವೇ, ನಿನ್ನ ಅನ್ನದ ಹಿಂದೆ ರೈತನ ಬೆವರಿದೆ. ಓ ರೇಷ್ಮೆಯೇ, ನಿನ್ನ ನುಣುಪಿನ ಹಿಂದೆ. ಇಡೀ ಕೊಠಡಿ ನಕ್ಕಿತು, ನಾನೂ ನಕ್ಕೆ, ರಾತ್ರಿ ಹಾಸಿಗೆಯಲ್ಲಿ ಅತ್ತೆ. ಏಳು ವರ್ಷದಲ್ಲಿ ನನಗೆ ಸಿಕ್ಕಿದ ಅತ್ಯುತ್ತಮ ಪಾಠ ಆ ಒಂದು ಪ್ರಶ್ನೆ. ಆದರೆ ಪ್ರಶ್ನೆ ಸಿಕ್ಕಿತು, ಉತ್ತರ ಹುಡುಕುವ ಹೊತ್ತಿಗೆ ಕಮ್ಮಟ ಮುಗಿದು ಬಸ್ಸು ಹತ್ತಿಸಿದ್ದರು. ಕಮ್ಮಟದ ತೊಂದರೆಯೇ ಅದು. ಗಾಯ ಬಿಚ್ಚಿ ಮನೆಗೆ ಕಳಿಸುತ್ತಾರೆ.

ಅದಕ್ಕೆ ಕೈಯಲ್ಲಿ ಹದಿನೈದು ಇಪ್ಪತ್ತು ಪದ್ಯವಾದರೂ ಇದ್ದಾಗ ಹೋಗಿ. ಮೊದಲ ಪದ್ಯ ಹಿಡಿದುಕೊಂಡು ಹೋದರೆ ಅಲ್ಲೇ ಬರೆಯುವುದನ್ನು ನಿಲ್ಲಿಸಿಬಿಡುವ ಅಪಾಯ ಇದೆ, ಹಾಗೆ ನಿಲ್ಲಿಸಿದವರನ್ನು ನೋಡಿದ್ದೇನೆ.

ಒಬ್ಬ ಮೇಷ್ಟ್ರು

ಹಿರಿಯರೊಬ್ಬರ ಬಳಿ ಹೋಗಿ ಕೂರುವುದು ಹಳೆಯ ಪದ್ಧತಿ. ನಾನು ಹೋದದ್ದು ನಿವೃತ್ತ ಮೇಷ್ಟ್ರೊಬ್ಬರ ಬಳಿ. ಅವರು ಪದ್ಯ ಬರೆಯುವುದೇ ಇಲ್ಲ, ಓದುತ್ತಾರೆ ಅಷ್ಟೆ, ಮತ್ತು ನನ್ನ ಪ್ರಕಾರ ಅದೇ ಒಳ್ಳೆಯದಾಯಿತು. ಬರೆಯುವ ಹಿರಿಯರು ಗೊತ್ತಿಲ್ಲದೆ ನಿಮ್ಮನ್ನು ತಮ್ಮ ಹಾಗೇ ಬರೆಯಿಸುತ್ತಾರೆ. ಪದ್ಯ ಕೊಟ್ಟೆ. ಕನ್ನಡಕ ಏರಿಸಿ ಓದಿದರು.

"ಏನವ್ವಾ, ಕಬ್ಬಿಗೆ ಕಿವಿ ಅದಾ?"

"ಇಲ್ಲ ಮೇಷ್ಟ್ರೇ."

"ಮತ್ತೆ ಓ ಅಂತ ಯಾಕ್ ಕೂಗ್ತಿದ್ದೀಯ? ಗದ್ದೆ ತಾವ ನಿಂತ್ಕಂಡು ನಿಮ್ಮಪ್ಪ ಯಾವತ್ತಾರಾ ಹಂಗೆ ಕೂಗಿದ್ರಾ?"

"ಓ" ಹೋಯಿತು. ಅವತ್ತಿನಿಂದ ನನ್ನ ಯಾವ ಪದ್ಯದಲ್ಲೂ ಯಾರನ್ನೂ ಕೂಗಿ ಕರೆದಿಲ್ಲ. ಆಮೇಲೆ ಮೂರು ತಿಂಗಳು ನನ್ನ ಪದ್ಯ ನೋಡಲೇ ಇಲ್ಲ ಅವರು, ಬೇರೆಯವರದನ್ನು ಕೈಬರಹದಲ್ಲಿ ನಕಲು ಮಾಡಿಸಿದರು. ದಿನಕ್ಕೊಂದು. ಶಿಕ್ಷೆ ಅಂದುಕೊಂಡಿದ್ದೆ, ಆದರೆ ಕಣ್ಣಿನಲ್ಲಿ ಓದುವಾಗ ಜಾರಿಹೋಗುವ ಸಾಲು ಕೈಯಲ್ಲಿ ಬರೆಯುವಾಗ ನಿಲ್ಲುತ್ತದೆ. ಇಲ್ಲಿ ಯಾಕೆ ಸಾಲು ಮುರಿದರು, ಈ ಪದ ಯಾಕೆ ಕೆಳಗಿನ ಸಾಲಿಗೆ ಹೋಯಿತು ಅಂತ ಪೆನ್ನು ತಾನೇ ಕೇಳುತ್ತದೆ.

ಆ ನಕಲಿನಲ್ಲೇ ಕೆ.ಎಸ್. ನರಸಿಂಹಸ್ವಾಮಿಯವರನ್ನು ನಿಜವಾಗಿ ಓದಿದ್ದು. ನಮ್ಮ ಜಿಲ್ಲೆಯ ಕಿಕ್ಕೇರಿಯವರು, 1942ರ 'ಮೈಸೂರು ಮಲ್ಲಿಗೆ'ಯ ಹಾಡು ಗೊತ್ತಿಲ್ಲದ ಮನೆಯೇ ಇಲ್ಲ. ಮದುವೆ ಮನೆಯಲ್ಲಿ ಕೇಳಿ ಕೇಳಿ ಅವು ಪದ್ಯ ಅನ್ನುವುದೇ ಮರೆತುಹೋಗಿರುತ್ತದೆ. ರಾಗ ತೆಗೆದು ನಕಲು ಮಾಡಿ ನೋಡಿ, ಎಷ್ಟು ಸಣ್ಣ ಮನೆಮಾತುಗಳಲ್ಲಿ ಕಟ್ಟಿದ್ದಾರೆ ಅಂತ ಕಾಣುತ್ತದೆ. 1958ರ 'ಶಿಲಾಲತೆ'ಗೆ ಬಂದರೆ ಅದೇ ಕೈ ಬೇರೆಯಾಗಿರುತ್ತದೆ. ಮೇಲುಕೋಟೆಯ ಪು.ತಿ.ನ. ಅವರನ್ನೂ ಹೀಗೇ ಓದಿದೆ. ಅಲ್ಲಿ ಅವರ ಮನೆಯನ್ನೇ ಸ್ಮಾರಕ ಮಾಡಿದ್ದಾರೆ, ಬೆಟ್ಟಕ್ಕೆ ಹೋದವರು ಪುಳಿಯೋಗರೆ ತಿಂದು ವಾಪಸು ಬರುವ ಮುಂಚೆ ಒಂದು ಹೆಜ್ಜೆ ಆ ಕಡೆ ಹಾಕಿ.

ಮೇಷ್ಟ್ರು ಸಿಗುವುದು ಅದೃಷ್ಟ. ಹುಡುಕಿಕೊಂಡು ಹೋಗಬಹುದು, ಆದರೆ ಎಲ್ಲರಿಗೂ ಸಿಗುವ ದಾರಿ ಅಂತ ಇದನ್ನು ಹೇಳಲಾರೆ.

ಕಿವಿಯ ಕೆಲಸ

ಈಗಿನ ಪದ್ಯಕ್ಕೆ ಛಂದಸ್ಸು ಯಾಕೆ, ಎಲ್ಲ ಮುಕ್ತಛಂದ ತಾನೇ ಅಂತ ಕೇಳುವವರಿಗೆ ನನ್ನ ಉತ್ತರ ಗೋಪಾಲಕೃಷ್ಣ ಅಡಿಗರು. ಮೈಸೂರಿನಲ್ಲಿ ಓದಿ, ಇಲ್ಲೇ ಪಾಠ ಹೇಳಿದವರು. ನವ್ಯದ ಮುರಿದ ಸಾಲುಗಳಿಗೆ ಅವರ ಹೆಸರೇ ಮೊದಲು ಬರುತ್ತದೆ. ಆದರೆ 1946ರಲ್ಲಿ ಬಂದ ಅವರ ಮೊದಲ ಸಂಕಲನ 'ಭಾವತರಂಗ' ತೆಗೆದು ನೋಡಿ, ಹಾಡಿಕೊಳ್ಳುವ ಹಾಗಿದೆ. 1954ರ 'ಚಂಡೆ ಮದ್ದಳೆ' ಹೊತ್ತಿಗೆ ಅದನ್ನೆಲ್ಲ ಒಡೆದಿದ್ದರು. ಕೈಯಲ್ಲಿ ಇದ್ದದ್ದನ್ನು ಒಡೆದರು. ನಮ್ಮ ಹತ್ತಿರ ಒಡೆಯಲಿಕ್ಕೆ ಏನೂ ಇರುವುದಿಲ್ಲ, ಸುಮ್ನೆ ಗದ್ಯವನ್ನು ಎಂಟರ್ ಒತ್ತಿ ಒತ್ತಿ ಕೆಳಗಿಳಿಸುತ್ತೇವೆ.

ಒಬ್ಬರೇ ಕಲಿಯಬಹುದಾದ್ದು ಇದು, ಖರ್ಚಿಲ್ಲದ್ದು, ಟ್ರೇನಿನಲ್ಲಿ ನಿಂತೂ ಮಾಡಬಹುದು. ಮಾತ್ರೆ ಅಂದರೆ ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ದೀರ್ಘ ಸ್ವರ ಇದ್ದರೆ, ಸೊನ್ನೆ ಇದ್ದರೆ, ಮುಂದೆ ಒತ್ತಕ್ಷರ ಬಂದರೆ ಗುರು. ಅಷ್ಟು ಗೊತ್ತಿದ್ದರೆ ಬೆರಳಲ್ಲಿ ಎಣಿಸಬಹುದು. ಕುಮಾರವ್ಯಾಸನ ಆರು ಸಾಲಿನ ಭಾಮಿನಿ ಷಟ್ಪದಿಯ ನಡೆ ಮೂರು–ನಾಲ್ಕು, ಮೂರು–ನಾಲ್ಕು. ಮೂರನೇ ಸಾಲಿನಲ್ಲಿ ಅದೇ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು. ನಾನು ಒಂದು ತಿಂಗಳು ದಿನಕ್ಕೆ ಅರ್ಧ ಷಟ್ಪದಿ ಬರೆದೆ, ಟ್ರೇನಿನ ಬಗ್ಗೆಯೇ:

ಟ್ರೇನು ಬಂದಿತು ಜನರು ನುಗ್ಗಿರೆ
ನಾನು ಚೀಲವನೆತ್ತಿ ಹಿಡಿದೆನು
ಸೀಟು ಸಿಕ್ಕದೆ ಬಾಗಿಲಲ್ಲಿಯೆ ನಿಂತು ನೋಡಿದೆ ನಾ

ಎಣಿಸಿ ನೋಡಿ, ಮಾತ್ರೆ ಸರಿಯಿದೆ. ಎರಡನೇ ಅಕ್ಷರದ ಪ್ರಾಸ ಮಾತ್ರ ಟ್ರೇನು, ನಾನು ಅಂತ ಬಂದು ಮೂರನೇ ಸಾಲಿನಲ್ಲಿ ಬಾಗಿಲಿಂದ ಕೆಳಗೆ ಬಿದ್ದಿದೆ. ಇರಲಿ, ಆ ಪ್ರಾಸವನ್ನು ಗೋವಿಂದ ಪೈಗಳೇ 20ನೇ ಶತಮಾನದ ಶುರುವಿನಲ್ಲಿ ಕೈಬಿಟ್ಟಿದ್ದರು. ಇದು ಕವಿತೆ ಅಲ್ಲ ಅಂತ ನನಗೂ ಗೊತ್ತು. ಅಡುಗೆ ಕಲಿಯುವಾಗ ಈರುಳ್ಳಿ ಹೆಚ್ಚುತ್ತೇವಲ್ಲ, ಆ ಥರ.

ಪುಸ್ತಕಕ್ಕಿಂತ ಕಿವಿಯ ಮೂಲಕ ಬರಬೇಕು ಅನ್ನುವವರಿಗೆ ನಮ್ಮ ಸೀಮೆ ಚಿನ್ನದ ಗಣಿ. ಹಳೆಯ ಕಾವ್ಯವನ್ನು ರಾಗವಾಗಿ ಓದುವ ಗಮಕ ಕೇಳಿ. ಅದಕ್ಕಿಂತ ಹೆಚ್ಚಾಗಿ, ತಂಬೂರಿ ಹಿಡಿದು ಮಂಟೇಸ್ವಾಮಿ ಕತೆ ಹಾಡುವ ನೀಲಗಾರರು, ಕಂಸಾಳೆ ಹಿಡಿದು ಮಾದೇಶ್ವರನ ಕತೆ ಹಾಡುವ ದೇವರಗುಡ್ಡರು, ಇವರನ್ನು ಒಂದು ರಾತ್ರಿ ಪೂರ್ತಿ ಕೂತು ಕೇಳಿ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ದೊಡ್ಡ ನೆಲೆ, ನಮ್ಮ ಮಗ್ಗುಲಲ್ಲೇ ಇದೆ. ಒಂದೇ ಸಾಲನ್ನು ಮುಮ್ಮೇಳದವರು ಹೇಳಿ, ಹಿಮ್ಮೇಳದವರು ತಿರುಗಿಸಿ ಹೇಳುವಾಗ ಆ ಸಾಲು ಎರಡನೇ ಸಲಕ್ಕೆ ಬೇರೆ ಏನೋ ಹೇಳುತ್ತದೆ. ಮರುಕಳಿಕೆ ಅಂದರೇನು ಅಂತ ಯಾವ ಪಠ್ಯವೂ ನನಗೆ ಹೀಗೆ ತಿಳಿಸಿಕೊಟ್ಟಿರಲಿಲ್ಲ.

ಅನುವಾದವೂ ಒಳ್ಳೆಯ ಗರಡಿ. ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪದ್ಯಗಳನ್ನು ಕನ್ನಡಕ್ಕೆ ತರಲು ಹೋಗಿ ಕನ್ನಡಕ್ಕೇ ಹೊಸ ಹೊಸ ಲಯ ಕೊಟ್ಟರು. ನಿಮಗೆ ಬರುವ ಇನ್ನೊಂದು ಭಾಷೆ ಯಾವುದೇ ಇರಲಿ, ತಿಂಗಳಿಗೆ ಒಂದು ಸಣ್ಣ ಪದ್ಯ ತನ್ನಿ. ಹೇಳುವ ವಿಷಯ ಬೇರೆಯವರದು, ನಿಮಗೆ ಉಳಿಯುವುದು ಬರೀ ಪದ ಹುಡುಕುವ ಕೆಲಸ.

ನಾಲ್ಕು ಜನ, ಒಂದು ಬೆಂಚು

ನನ್ನನ್ನು ಕೇಳಿದರೆ, ಒಂದೇ ಒಂದನ್ನು ಆರಿಸಿಕೊಳ್ಳಿ ಅಂದರೆ, ಇದು. ಬೇರೆ ಯಾವುದಕ್ಕೂ ದುಡ್ಡು, ರಜೆ, ಅದೃಷ್ಟ ಏನಾದರೊಂದು ಬೇಕು. ಇದಕ್ಕೆ ಬೇಕಾದ್ದು ಮೂರು ಜನ ಮತ್ತು ಜೆರಾಕ್ಸಿನ ಚಿಲ್ಲರೆ.

ಕಮ್ಮಟದಲ್ಲಿ ಸಿಕ್ಕಿದ ಇಬ್ಬರು, ಅವರಲ್ಲಿ ಒಬ್ಬರ ಸಹೋದ್ಯೋಗಿ, ಮತ್ತೆ ನಾನು. ತಿಂಗಳಿಗೆ ಎರಡು ಭಾನುವಾರ, ಕುಕ್ಕರಹಳ್ಳಿ ಕೆರೆ ದಂಡೆಯ ಒಂದು ಬೆಂಚು. ಒಬ್ಬರು ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತಾರೆ, ಒಬ್ಬರು ಔಷಧಿ ಅಂಗಡಿ, ಇನ್ನೊಬ್ಬಳು ಎಂ.ಎ. ಮಾಡದೆ ಎಂ.ಎ. ಪಠ್ಯ ಓದಿದಳು ಅಂದೆನಲ್ಲ, ಅವಳು. ಮೊದಲ ಮೂರು ಸಲ ಬರೀ "ಚೆನ್ನಾಗಿದೆ, ಚೆನ್ನಾಗಿದೆ" ಅಂತ ಕಾಫಿ ಕುಡಿದು ಎದ್ದೆವು. ನಾಲ್ಕನೇ ಸಲ ಔಷಧಿ ಅಂಗಡಿಯವರು, "ಹಿಂಗಾದ್ರೆ ನಾನು ಬರಲ್ಲ, ಭಾನುವಾರ ನನಗೆ ವ್ಯಾಪಾರ ಇರುತ್ತೆ" ಅಂದರು. ಆಗ ಕೆಲವು ಕಟ್ಟುಪಾಡು ಮಾಡಿಕೊಂಡೆವು.

ಬರೆದವರು ತಮ್ಮ ಪದ್ಯವನ್ನು ತಾವು ಓದುವಂತಿಲ್ಲ, ಬೇರೆಯವರು ಓದಬೇಕು. ಇದು ಎಲ್ಲಕ್ಕಿಂತ ಮುಖ್ಯ. ನಿಮ್ಮ ದನಿಯ ಏರಿಳಿತದಲ್ಲಿ ನೀವು ಪದ್ಯದ ಹುಳುಕನ್ನೆಲ್ಲ ಮುಚ್ಚಿಬಿಡುತ್ತೀರಿ, ಬೇರೆಯವರು ಓದಿದಾಗ ಅದು ಬೆತ್ತಲೆ ನಿಲ್ಲುತ್ತದೆ. ಚರ್ಚೆ ಮುಗಿಯುವವರೆಗೆ ಬರೆದವರು ಬಾಯಿ ಬಿಡುವಂತಿಲ್ಲ. "ನಾನು ಹೇಳಬೇಕು ಅಂದ್ಕೊಂಡಿದ್ದು ಏನಂದ್ರೆ" ಅಂತ ಶುರು ಮಾಡಿದವರೇ ಅವತ್ತಿನ ಕಾಫಿ ದುಡ್ಡು ಕೊಡಬೇಕು. ಚೆನ್ನಾಗಿದೆ, ಭಾವಪೂರ್ಣ, ಮನಮುಟ್ಟಿತು ಈ ಮೂರಕ್ಕೂ ನಿಷೇಧ. ಮೊದಲು ಪ್ರತಿಯೊಬ್ಬರೂ ಪದ್ಯದಲ್ಲಿ ಕಣ್ಣಿಗೆ ಏನು ಕಂಡಿತು ಅಂತ ಮಾತ್ರ ಹೇಳಬೇಕು, ಆಮೇಲೆ ತೆಗೆದರೂ ನಡೆಯುವ ಒಂದು ಸಾಲಿಗೆ ಗೆರೆ ಎಳೆಯಬೇಕು. ಮುಂದಿನ ಸಲ ಅದೇ ಪದ್ಯ ತಿದ್ದಿ ತರಬೇಕು, ಹೊಸದು ಆಮೇಲೆ.

ಕಬ್ಬಿನ ಪದ್ಯ ಇಲ್ಲಿಗೆ ಬಂತು, "ಓ" ಇಲ್ಲದೆ. ಏನು ಕಂಡಿತು? ಯಾರಿಗೂ ಏನೂ ಕಂಡಿರಲಿಲ್ಲ. ಗೆರೆ? ನಾಲ್ಕೂ ಸಾಲಿಗೆ ಬಿತ್ತು. ಪಾಲಿಟೆಕ್ನಿಕ್‌ನವರು ಮೈಸೂರಿನಲ್ಲೇ ಹುಟ್ಟಿ ಬೆಳೆದವರು, ಗದ್ದೆ ನೋಡಿದ್ದು ಬಸ್ಸಿನ ಕಿಟಕಿಯಿಂದ. ಅವರು ನಿಜವಾಗಿಯೂ ಗೊತ್ತಿಲ್ಲದೆ ಕೇಳಿದರು, "ಕಬ್ಬು ಕಡಿದರೆ ಕೈಗೆ ಏನಾಗುತ್ತೆ?" ಸೋಗೆಯ, ಅಂದರೆ ಕಬ್ಬಿನ ಗರಿಯ, ಅಂಚು ಬ್ಲೇಡಿನ ಹಾಗೆ ಕೊಯ್ಯುತ್ತದೆ, ಅಪ್ಪ ಸಂಜೆ ಬಂದರೆ ಬೆರಳಲ್ಲೆಲ್ಲ ಸಣ್ಣ ಗೆರೆ ಇರುತ್ತಿತ್ತು, ಮುದ್ದೆ ಮುರಿದು ಸಾರಿಗೆ ಅದ್ದಿದರೆ ಉರಿ, ಅದಕ್ಕೆ ಕಡಿಯುವ ದಿನಗಳಲ್ಲಿ ಅಮ್ಮ ಸಾರಿಗೆ ಉಪ್ಪು ಕಡಿಮೆ ಹಾಕುತ್ತಿದ್ದಳು ಅಂತ ಹೇಳಿಬಿಟ್ಟೆ. ನಿಯಮ ಮುರಿದು ಬಾಯಿ ಬಿಟ್ಟಿದ್ದಕ್ಕೆ ಕಾಫಿ ದುಡ್ಡು ನಾನೇ ಕೊಟ್ಟೆ. ಗೆಳತಿ ಮಾತ್ರ ಲೋಟ ಕೆಳಗಿಟ್ಟು, "ಉಪ್ಪು ಅಲ್ಲಿತ್ತು ಕಣೆ, ನೀನು ಕಣ್ಣೀರಿನಲ್ಲಿ ಹುಡುಕ್ತಿದ್ದೆ" ಅಂದಳು.

ಎರಡು ವಾರದ ಮೇಲೆ ಇದನ್ನು ತಂದೆ:

ಅಪ್ಪನ ಬೆರಳ ತುಂಬ
ಸೋಗೆ ಕೊಯ್ದ ಗೆರೆ.
ಇವತ್ತು ಸಾರಿಗೆ
ಉಪ್ಪು ಕಮ್ಮಿ.
ಯಾರೂ ಯಾಕೆ ಅನ್ನಲಿಲ್ಲ.

ಔಷಧಿ ಅಂಗಡಿಯವರು "ಇವತ್ತು" ತೆಗೆದು "ಇಂದು" ಮಾಡಿ, ಪದ್ಯಕ್ಕೆ ಒಪ್ಪುತ್ತೆ ಅಂದರು. ಆಗ ಟ್ರೇನಿನಲ್ಲಿ ಎಣಿಸಿದ್ದು ಕೈಹಿಡಿಯಿತು. ಇವತ್ತು ನಾಲ್ಕು ಮಾತ್ರೆ, ಸಾರಿಗೆ ನಾಲ್ಕು. ಉಪ್ಪು ಮೂರು, ಕಮ್ಮಿ ಮೂರು. ಉಪ್ಪು ಕಮ್ಮಿಯಾಗುವ ಕಡೆ ಸಾಲೂ ಕಮ್ಮಿಯಾಗಿದೆ. "ಇಂದು" ಅಂದರೆ ಮೂರಾಗಿ ಆ ಇಳಿತ ಅರ್ಧಕ್ಕೆ ಇಳಿಯುತ್ತದೆ. ಬರೆಯುವಾಗ ಎಣಿಸಿರಲಿಲ್ಲ, ದೇವರಾಣೆ. ಆದರೆ ಎಣಿಸಲು ಬರದಿದ್ದರೆ ಅವತ್ತು ಅವರ ಮಾತಿಗೆ ತಲೆಯಾಡಿಸಿ ಸಾಲು ಕೆಡಿಸಿಕೊಂಡು ಬರುತ್ತಿದ್ದೆ. "ಕಮ್ಮಿ" ಬದಲು "ಕಡಿಮೆ" ಅಂತ ಇನ್ನೊಬ್ಬರು ಅಂದರು. ಅದೂ ಮೂರೇ ಮಾತ್ರೆ, ಲೆಕ್ಕ ಸರಿ, ಆದರೆ ಉಪ್ಪು, ಕಮ್ಮಿ ಎರಡರ ಒತ್ತು ಜೊತೆಗೆ ಬಡಿಯುವ ಸದ್ದು ಹೋಗುತ್ತದೆ. ಎಣಿಕೆಗೆ ಸಿಗದ್ದೂ ಇದೆ ಅಂತ ಅಲ್ಲಿ ಗೊತ್ತಾಯಿತು.

ಗುಂಪಿನ ಕಾಯಿಲೆಗಳನ್ನೂ ಹೇಳಬೇಕು. ಎರಡು ವರ್ಷ ಒಟ್ಟಿಗಿದ್ದರೆ ನಾಲ್ವರೂ ಒಂದೇ ಥರ ಬರೆಯಲು ಶುರು ಮಾಡುತ್ತೀರಿ. ನಮ್ಮಲ್ಲಿ ಒಂದು ಸೀಸನ್‌ನಲ್ಲಿ ಎಲ್ಲರ ಪದ್ಯದಲ್ಲೂ ಸಾರು, ಒಲೆ, ಅಮ್ಮ, ಕೊನೆಯಲ್ಲೊಂದು ಮೌನ. ಆಮೇಲೆ ಆರು ತಿಂಗಳು ಅಡುಗೆಮನೆಗೆ ಬೀಗ ಹಾಕಿದೆವು. ಇನ್ನೊಂದು, ಒಬ್ಬರು ಮಾತಾಡಿ ಮೂವರು ಕೇಳುವ ಹಾಗಾದರೆ ಅದು ಗುಂಪಲ್ಲ, ಫೀಸಿಲ್ಲದ ಟ್ಯೂಷನ್ನು. ಮುರಿದುಬಿಡಿ.

ಹಾಗಾದರೆ ಯಾರು ಎಲ್ಲಿಗೆ?

ಇನ್ನೂ ಬರೆಯುವ ಅಭ್ಯಾಸವೇ ಇಲ್ಲವಾ, ಒಂದು ತಿಂಗಳು ಮೊಬೈಲ್ ಗುಂಪು, ಜೊತೆಗೆ ದಿನಕ್ಕೊಂದು ಪದ್ಯದ ನಕಲು. ಇಪ್ಪತ್ತರ ಆಸುಪಾಸಿನವರು, ಮುಂದೆ ಪಾಠ ಮಾಡುವ ಆಸೆಯೂ ಇದೆ ಅಂದರೆ ಎಂ.ಎ. ಸರಿ, ಆದರೆ ತರಗತಿಯ ಹೊರಗೆ ಒಂದು ಬೆಂಚು ಹುಡುಕಿಕೊಳ್ಳಿ. ಮಾನಸಗಂಗೋತ್ರಿಯಿಂದ ಕುಕ್ಕರಹಳ್ಳಿ ಕೆರೆಗೆ ರಸ್ತೆ ದಾಟಿದರಾಯಿತು. ಸಂಸಾರ, ನೌಕರಿ ನಡುವೆ ವಾರಕ್ಕೆ ಎರಡು ಗಂಟೆ ಸಿಗುವವರಿಗೆ ನಾಲ್ಕು ಜನರ ಗುಂಪೇ ಗತಿ. ಹಳ್ಳಿಯಲ್ಲಿದ್ದು ಯಾರೂ ಸಿಗುವುದಿಲ್ಲ ಅನ್ನುವವರು, ಒಬ್ಬರೇ ಒಬ್ಬರ ಜೊತೆ ಫೋನಿನಲ್ಲಿ ಮಾಡಿ, ಅವರು ನಿಮ್ಮದು ಓದಲಿ, ನೀವು ಅವರದು. ಐದಾರು ವರ್ಷದಿಂದ ಬರೆಯುತ್ತಿದ್ದು ಎಲ್ಲೋ ನಿಂತುಹೋಗಿದೆ ಅನಿಸಿದರೆ ಕಮ್ಮಟ.

ಸ್ಪರ್ಧೆಗೆ ಕಳಿಸುವವರು ಕಳಿಸಿ, ದೀಪಾವಳಿ ವಿಶೇಷಾಂಕಗಳ ಕವನ ಸ್ಪರ್ಧೆಯಿಂದ ಒಂದು ಗಡುವಾದರೂ ಸಿಗುತ್ತದೆ. ಗೆದ್ದವರ ಪದ್ಯ ಓದುವುದು ಕಳಿಸುವುದಕ್ಕಿಂತ ಮುಖ್ಯ. ದುಡ್ಡು ಕೇಳುವವರಿಂದ ಮಾತ್ರ ದೂರ ಇರಿ. "ನಿಮ್ಮ ಕವಿತೆ ನಮ್ಮ ಸಂಕಲನಕ್ಕೆ ಆಯ್ಕೆಯಾಗಿದೆ, ಹತ್ತು ಪ್ರತಿ ಕೊಳ್ಳಬೇಕು" ಅಂತ ಒಂದು ಫೋನು, "ಕಾವ್ಯರತ್ನ ಪ್ರಶಸ್ತಿಗೆ ನೋಂದಣಿ ಶುಲ್ಕ" ಅಂತ ಇನ್ನೊಂದು. ನಾನು ಒಮ್ಮೆ ಮೋಸ ಹೋಗಿದ್ದೇನೆ. ಆ ಹತ್ತು ಪ್ರತಿಯಲ್ಲಿ ಏಳು ಇನ್ನೂ ಅಟ್ಟದ ಮೇಲಿವೆ, ಅದರಲ್ಲಿ "ಓ ಕಬ್ಬೇ" ಪುಟ 43ರಲ್ಲಿ ನಗುತ್ತ ಕೂತಿದೆ.

ಹೊಸ ಐದು ಸಾಲನ್ನು ಹೋದ ವರ್ಷ ಒಂದು ಗೋಷ್ಠಿಯಲ್ಲಿ ಓದಿದೆ. ಓದಿ ನಿಂತೆ. ಚಪ್ಪಾಳೆ ಇಲ್ಲ. ನಿರೂಪಕರು ಮೈಕಿನ ಹತ್ತಿರ ಬಂದು ಮೆಲ್ಲಗೆ "ಮುಗೀತಾ ಮೇಡಂ?" ಅಂದರು. ಮುಗಿದಿದೆಯೋ ಇಲ್ಲವೋ ನನಗೂ ಖಾತ್ರಿ ಇಲ್ಲ. ಕೊನೆಯ ಸಾಲು, "ಯಾರೂ ಯಾಕೆ ಅನ್ನಲಿಲ್ಲ", ತೆಗೆಯಬೇಕು, "ಉಪ್ಪು ಕಮ್ಮಿ" ಅಲ್ಲಿಗೇ ನಿಲ್ಲಬೇಕು ಅಂತ ಗೆಳತಿ ಮತ್ತು ಔಷಧಿ ಅಂಗಡಿಯವರು. ಅದಿಲ್ಲದಿದ್ದರೆ ಮೈಸೂರಿನವರಿಗೆ ಅರ್ಥವಾಗುವುದಿಲ್ಲ ಅಂತ ಪಾಲಿಟೆಕ್ನಿಕ್‌ನವರು. ನಾನು ಬಾಯಿ ಬಿಡುವಂತಿಲ್ಲ. ಬರುವ ಭಾನುವಾರ ಎರಡೂ ಥರದ ಜೆರಾಕ್ಸು ತೆಗೆದುಕೊಂಡು ಹೋಗುತ್ತಿದ್ದೇನೆ.